ಸೀದ ಹತ್ತಿ

ಇ-ಸಿಗರೇಟು ಸೀದ ರುಚಿ ಕೊಡುತ್ತಿದೆ ಎಂದು ನನ್ನ ಅಂಗಡಿಯ ಮೆಟ್ಟಿಲು ಹತ್ತುವವರಲ್ಲಿ ಮುಕ್ಕಾಲು ಪಾಲು ಜನರ ರೋಗ ಒಂದೇ, ಅವಸರ. ಯಂತ್ರದೊಳಗಿನ ತಂತಿ ಸುರುಳಿಗೆ ಹೊಸ ಹತ್ತಿ ಹಾಕಿದ ಮೇಲೆ ಅದು ನಿಕೋಟಿನ್ ರಸ ಕುಡಿದು ನೆನೆಯುವವರೆಗೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಯಾರು ಕೂರುತ್ತಾರೆ? ಒಣ ಹತ್ತಿಯನ್ನೇ ಕಾದ ತಂತಿಗೆ ಕೊಟ್ಟು, ಬಾಯಿಗಿಟ್ಟು, ಎಳೆದು, ಕೆಮ್ಮಿ, ಆಮೇಲೆ ಬಂದು ನನ್ನ ಮೇಲೆ ಹಾರಾಡುತ್ತಾರೆ. ಉಳಿದವರಲ್ಲಿ ಕೆಲವರು ಬೇಕಾದ್ದಕ್ಕಿಂತ ಹೆಚ್ಚು ಕಾವು ಇಟ್ಟುಕೊಂಡಿರುತ್ತಾರೆ. ಇನ್ನು ಕೆಲವರು ಪಾಕದಂಥ ಸಿಹಿ ರಸ ತುಂಬಿ ತಂತಿಯ ಮೇಲೆಲ್ಲ ಕರಿ ಕಟ್ಟಿಸಿಕೊಂಡಿರುತ್ತಾರೆ. ನಾನು ಬೈದುಕೊಂಡೇ ಸರಿ ಮಾಡಿಕೊಡುತ್ತೇನೆ. ಎವಾಂಥಿಯಾಳ ಅಂಗಡಿಯಲ್ಲಿ ಬೈಗುಳ ಉಚಿತ ಎಂದು ಗ್ರೀಸಿನ ಈ ಕವಾಲಾ ಬಂದರಿನ ಹುಡುಗರು ಹೇಳುತ್ತಾರೆ. ಹೇಳಿಕೊಳ್ಳಲಿ.

ಪರಾಸ್ಕೆವಾಸ್ ಚಿಕ್ಕಪ್ಪ ಮಾತ್ರ ಅವಸರದ ಆಸಾಮಿಯಲ್ಲ. ಅವನು ನನಗೆ ರಕ್ತಸಂಬಂಧಿಯೇನಲ್ಲ, ಕೋಟೆ ಗುಡ್ಡದ ಒಂದೇ ಓಣಿಯವರು ನಾವು, ಅಷ್ಟೆ. ಅವನೂ ಅವನ ಹೆಂಡತಿ ದೊಮ್ನಾ ಚಿಕ್ಕಮ್ಮನೂ ತಂಬಾಕು ಗೋದಾಮಿನಲ್ಲಿ ಎದುರುಬದುರು ಕೂತು ಎಲೆ ಹೆಕ್ಕುತ್ತ ಪರಿಚಯವಾದವರು. ಗೋದಾಮುಗಳು ಮುಚ್ಚಿದವು, ತಂಬಾಕಿನ ಧೂಳು ಅವನ ಎದೆಯಲ್ಲಿ ಉಳಿಯಿತು. ಅದರ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸಿಗರೇಟು. ಎರಡು ವರ್ಷದ ಕೆಳಗೆ ಎದೆಯ ಡಾಕ್ಟರು ಎಕ್ಸ್‌ರೇ ನೋಡಿ, "ಇನ್ನೊಂದು ಸಿಗರೇಟು ಹಚ್ಚಿದ್ರೆ ನನ್ನ ಹತ್ರ ಬರಬೇಡಿ, ನೇರ ಪಾದ್ರಿ ಹತ್ರ ಹೋಗಿ," ಎಂದರಂತೆ. ಸಿಗರೇಟು ಬಿಡಿ ಎಂದಿದ್ದಕ್ಕಿಂತ ಪಾದ್ರಿಯ ಹೆಸರೆತ್ತಿದ್ದಕ್ಕೇ ಚಿಕ್ಕಪ್ಪನಿಗೆ ಹೆಚ್ಚು ಸಿಟ್ಟು ಬಂದಿತ್ತು. ಮರುದಿನ ಚಿಕ್ಕಮ್ಮ ಅವನ ಕೋಟಿನ ತೋಳು ಹಿಡಿದು ನನ್ನ ಅಂಗಡಿಗೆ ಎಳೆದುಕೊಂಡು ಬಂದಳು.

"ಹೊಗೆ ಇಲ್ಲದ ಹೊಗೆ ಏನೋ ಮಾರ್ತೀಯಂತಲ್ಲ ಎವಾಂಥಿಯಾ, ಇವನಿಗೊಂದು ಕೊಡು. ಇಲ್ಲಾಂದ್ರೆ ಇವನನ್ನೇ ಇಲ್ಲಿ ಬಿಟ್ಟು ಹೋಗ್ತೀನಿ, ನೀನೇ ಇಟ್ಕೋ," ಎಂದಳು.

ಇದು ಒಳ್ಳೆಯದು ಎಂದು ನಾನು ಯಾರಿಗೂ ಆಣೆ ಹಾಕಿ ಹೇಳುವುದಿಲ್ಲ. ಬಿಡಲಾರದವನಿಗೆ ಇದೊಂದು ಹಗ್ಗ, ಹಿಡಿದುಕೊಂಡು ಇಳಿಯಬಹುದು ಎಂದಷ್ಟೇ ಹೇಳುತ್ತೇನೆ. ಚಿಕ್ಕಪ್ಪ ಹಗ್ಗ ಹಿಡಿದುಕೊಂಡ. ಹತ್ತಿ, ತಂತಿ ಎಲ್ಲ ಸೇರಿಸಿಯೇ ಬರುವ ಸಿದ್ಧ ಸುರುಳಿಯ ಯಂತ್ರ ತೋರಿಸಿದರೆ ಮೂತಿ ತಿರುಗಿಸಿದ. ತಂತಿ ತಾನೇ ಸುತ್ತಿ, ಹತ್ತಿ ತಾನೇ ತೂರಿಸಿ ಮಾಡಿಕೊಳ್ಳುವಂಥದ್ದೇ ಬೇಕೆಂದ. ಬದುಕಿಡೀ ಕೈಯಲ್ಲಿ ದುಡಿದವನು, ಬಾಯಿಗೆ ಇಟ್ಟುಕೊಳ್ಳುವುದನ್ನು ಯಾವುದೋ ಕಾರ್ಖಾನೆ ಏಕೆ ತೀರ್ಮಾನಿಸಬೇಕು ಎಂದು ಭಾಷಣವನ್ನೂ ಬಿಗಿದ. ಆದರೆ ಅವನ ಬೆರಳು ನಡುಗುತ್ತವೆ. ಹಾಗಾಗಿ ವಾರಕ್ಕೊಮ್ಮೆ ಹತ್ತಿ ಬದಲಿಸುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂತು. ನಾನು ಒಂದು ಸಲ ತೋರಿಸಿದೆ. ಮುಂದಿನ ಸಲ ಅವಳು ನನಗಿಂತ ಅಂದವಾಗಿ ಮಾಡಿದಳು. ಎರಡು ವರ್ಷ ಅವನು ಸಿಗರೇಟು ಮುಟ್ಟಲಿಲ್ಲ. ಗುಡ್ಡದ ಮೆಟ್ಟಿಲುಗಳನ್ನು ನಡುವೆ ಒಂದೇ ಸಲ ನಿಂತು ಹತ್ತುವಷ್ಟು ಉಸಿರು ಮರಳಿತ್ತು.

ಈ ಸಲ ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ಅವನು ಬಂದು ಯಂತ್ರವನ್ನು ಕೌಂಟರಿನ ಗಾಜಿನ ಮೇಲೆ ಕುಕ್ಕಿದ.

"ಏ ಹುಡುಗಿ, ಏನು ಮಾರಿದ್ದೀಯ ನನಗೆ? ತಳ ಹಿಡಿದ ಪಾತ್ರೆ ನೆಕ್ಕಿದಂಗಾಗ್ತದೆ."

ನನಗೆ ಐವತ್ತು ದಾಟಿದೆ. ಅವನಿಗೆ ನಾನು ಹುಡುಗಿಯೇ.

"ಒಂದರ ಹಿಂದೆ ಒಂದು ದಮ್ಮು ಎಳ್ದಿರ್ತೀಯ ಚಿಕ್ಕಪ್ಪ. ನಡುನಡುವೆ ಹತ್ತೀನೂ ಉಸಿರಾಡಬೇಕು, ಬಿಡು ಸ್ವಲ್ಪ."

"ನನಗೇ ಉಸಿರಾಡಕ್ಕೆ ಆಗ್ತಿಲ್ಲ, ಇವಳ ಹತ್ತಿಗೆ ಬಿಡಬೇಕಂತೆ!"

ಬಿಚ್ಚಿ ನೋಡಿದೆ. ಹತ್ತಿಯ ನಡುಭಾಗ ಕರಕಲಾಗಿತ್ತು. ಕಿತ್ತು ಎಸೆದೆ. ತಂತಿಯನ್ನು ಕೆಂಪಗೆ ಕಾಯಿಸಿ ಕರಿಯನ್ನು ಉಜ್ಜಿ ತೆಗೆದೆ, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಹಾಗೆ ಹೊಸ ಹತ್ತಿ ತೂರಿಸಿದೆ, ರಸ ತೊಟ್ಟಿಕ್ಕಿಸಿ ನೆನೆಯಲು ಬಿಟ್ಟೆ, ಕಾವನ್ನೂ ಇಳಿಸಿಕೊಟ್ಟೆ. ಅವನು ಎಳೆದು ನೋಡಿ, ಕಣ್ಣು ಅರ್ಧ ಮುಚ್ಚಿ, "ಹ್ಞೂ, ಈಗ ಮನುಷ್ಯರು ಸೇದೋ ಹಂಗಿದೆ," ಎಂದು ಹೋದ.

ಮುಂದಿನ ವಾರ ಮತ್ತೆ ಬಂದ. ಅದೇ ದೂರು. ರಸ ತೀರಾ ಮಂದವಾಗಿ ಹತ್ತಿಗೆ ಹೀರಲು ಆಗುತ್ತಿಲ್ಲವೇನೋ ಎಂದು ತೆಳು ರಸ ಕೊಟ್ಟೆ. ತಂತಿಯನ್ನೇ ಹೊಸದಾಗಿ ಸುತ್ತಿದೆ. ಅಂಗಡಿಯಲ್ಲಿ ಎಳೆದಾಗ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಹತ್ತಿ ಬದಲಿಸಿದ ಮೇಲೆ ಮತ್ತೆ ಸೀದು ಹೋಯಿತೆಂದು ಮೂರನೆಯ ಸಲ ಬಂದ. ಕೆಮ್ಮು ಬೇರೆ ಹೆಚ್ಚಿತ್ತು. ಮಾತಾಡುತ್ತ ಮಾತಾಡುತ್ತ ನಿಂತು, ಕೌಂಟರ್ ಹಿಡಿದು, ಉಸಿರನ್ನು ಎಲ್ಲಿಂದಲೋ ಹುಡುಕಿ ತರುತ್ತಿದ್ದ. ಯಾರಾದರೂ ಹಾಗೆ ಒದ್ದಾಡುವುದನ್ನು ಕಂಡರೆ ನನಗೆ ಬಾಯಿ ಜೋರಾಗುತ್ತದೆ.

"ನೀನು ಅದನ್ನ ಏನು ಮಾಡ್ತೀಯೋ ನನಗೆ ಗೊತ್ತಿಲ್ಲ. ರಸ ಖಾಲಿಯಾದ್ರೂ ಎಳೀತಾನೇ ಇರ್ತೀಯ. ಕಣ್ಣು ಕಾಣಲ್ವಾ?"

"ಕಣ್ಣು ಕಾಣ್ತದೆ. ನಿನ್ನ ಹತ್ತಿ ಕೊಳೆತಿರೋದೂ ಕಾಣ್ತದೆ."

"ನನ್ನ ಹತ್ತಿ ಊರೆಲ್ಲಾ ಸೇದ್ತಾರೆ, ಒಬ್ಬರೂ ಸತ್ತಿಲ್ಲ!"

ಅವನು ಕೋಟಿನ ಒಳಜೇಬಿಗೆ ಕೈಹಾಕಿ ಒಂದು ಸಿಗರೇಟು ಪ್ಯಾಕು ತೆಗೆದು ಗಾಜಿನ ಮೇಲಿಟ್ಟ. ಮೇಲಿನ ತೆಳು ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ.

"ನಿನ್ನೆ ತಗೊಂಡೆ. ಬಿಚ್ಚಿಲ್ಲ. ಈಸ್ಟರ್ ತನಕ ಬಿಚ್ಚಲ್ಲ. ಅಷ್ಟ್ರಲ್ಲಿ ಇದನ್ನ ಸರಿ ಮಾಡು. ಆಗ್ಲಿಲ್ಲಾಂದ್ರೆ ನನಗೆ ಸಾಕಾಯ್ತು ಎವಾಂಥಿಯಾ. ಹೇಗಿದ್ರೂ ಸುಟ್ಟಿದ್ದನ್ನೇ ಸೇದಬೇಕು ಅಂದ್ರೆ ಗೊತ್ತಿರೋದನ್ನೇ ಸೇದಿ ಸಾಯ್ತೀನಿ."

ಅವನು ನನ್ನ ಹೆಸರು ಹಿಡಿದು ಕರೆದದ್ದು ಕೇಳಿ ನನಗೆ ಭಯವಾಯಿತು. ಪ್ಯಾಕನ್ನು ಕಸಿದುಕೊಳ್ಳಬಹುದಿತ್ತು. ಆದರೆ ಬೀದಿ ದಾಟಿದರೆ ಇನ್ನೊಂದು ಸಿಗುತ್ತದೆ. ಅವನು ಅದನ್ನು ಜೇಬಿಗಿಟ್ಟುಕೊಂಡು ಹೋದ ಮೇಲೆ ಯಂತ್ರದಿಂದ ಕಿತ್ತಿದ್ದ ಕರಕಲು ಹತ್ತಿಯನ್ನು ಮೂಗಿಗೆ ಹಿಡಿದೆ. ಸೀದ ಹತ್ತಿಯ ವಾಸನೆ ನನಗೆ ಗೊತ್ತು, ಸೀದ ಸಿಹಿಯ ವಾಸನೆಯೂ ಗೊತ್ತು. ಇದು ಎರಡೂ ಅಲ್ಲ. ಎಲ್ಲೋ ಮೂಸಿದ್ದೇನೆ, ಎಲ್ಲಿ ಎಂದು ಹೊಳೆಯಲಿಲ್ಲ. ತಪ್ಪು ಅಂಗಡಿಯಲ್ಲಿ ಆಗುತ್ತಿಲ್ಲ, ಅವರ ಮನೆಯಲ್ಲಿ ಆಗುತ್ತಿದೆ ಎಂಬುದಷ್ಟೇ ಖಚಿತವಾಯಿತು. ಹತ್ತಿ ಹಾಕುವುದನ್ನು ಕಣ್ಣಾರೆ ನೋಡಬೇಕೆಂದುಕೊಂಡೆ.

ಈಸ್ಟರಿಗೆ ಮೂರು ದಿನ ಮುಂಚೆ, ಮಹಾ ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಗುಡ್ಡ ಹತ್ತಿದೆ. ಓಣಿಯಲ್ಲೆಲ್ಲ ವಿನಿಗರಿನ ಘಾಟು. ಪ್ರತಿ ಮನೆಯಲ್ಲೂ ಈಸ್ಟರಿನ ಮೊಟ್ಟೆಗೆ ವಿನಿಗರ್ ಬೆರೆಸಿದ ಕೆಂಪು ಬಣ್ಣ ಹಾಕುತ್ತಿದ್ದರು. ಚಿಕ್ಕಪ್ಪ ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ನನ್ನನ್ನು ನೋಡಿ ಕೈಯೆತ್ತಿದ, ಮಾತಿಗೆ ಉಸಿರು ಖರ್ಚು ಮಾಡಲಿಲ್ಲ. ಚಿಕ್ಕಮ್ಮ ಅಡುಗೆಮನೆಯಿಂದ ಹೊರಬಂದಳು. ಬೆರಳ ತುದಿಗಳೆಲ್ಲ ಕೆಂಪಾಗಿದ್ದವು.

"ಬಂದ್ಯಾ ಮಗಳೇ, ಒಳ್ಳೇದಾಯ್ತು. ಹೋಗು, ಅವನ ಹತ್ರ ಕೂತ್ಕೋ, ಕಾಫಿ ತರ್ತೀನಿ."

"ಕಾಫಿ ಆಮೇಲಾಗ್ಲಿ ಚಿಕ್ಕಮ್ಮ. ಇವತ್ತು ಹತ್ತಿ ಬದಲಿಸೋ ದಿನ ಅಲ್ವಾ? ನೀನು ಹಾಕೋದನ್ನ ನೋಡಬೇಕು."

"ನೋಡೋದೇನಿದೆ ಅದರಲ್ಲಿ? ನೀನೇ ಹೇಳಿಕೊಟ್ಟಿದ್ದು."

"ಆದ್ರೂ ನೋಡ್ತೀನಿ."

"ನನ್ನ ಕೈ ಮೇಲೆ ಅನುಮಾನನಾ? ಈ ಕೈಯಲ್ಲಿ ಎಷ್ಟು ಎಲೆ ಹೆಕ್ಕಿದ್ದೀನಿ ಗೊತ್ತಾ ನಿನಗೆ? ನೀನಿನ್ನೂ ಹುಟ್ಟಿರಲಿಲ್ಲ. ಹೋಗು ಹೋಗು, ಬಾಲ್ಕನೀಲಿ ಗಾಳಿ ಚೆನ್ನಾಗಿದೆ."

ಅವಳು ನನ್ನನ್ನು ಬೆನ್ನು ಹಿಡಿದು ಹೊರಗೆ ತಳ್ಳಿದಳು. ಯಾವತ್ತೂ ಹಾಗೆ ಮಾಡಿದವಳಲ್ಲ. ಬಾಲ್ಕನಿಯ ಬಾಗಿಲಿನ ಪರದೆಯ ಸಂದಿಯಿಂದ ಅಡುಗೆಮನೆಯ ಮೇಜು ಕಾಣುತ್ತಿತ್ತು. ಕಳ್ಳಿಯ ಹಾಗೆ ಅಲ್ಲೇ ನಿಂತೆ. ಹೌದು, ನಾಚಿಕೆಯಾಯಿತು. ಆದರೂ ನಿಂತೆ.

ಚಿಕ್ಕಮ್ಮ ಕೈ ತೊಳೆದಳು. ತಲೆಗೆ ವಸ್ತ್ರ ಕಟ್ಟಿಕೊಂಡಳು. ಮೂಲೆಯಲ್ಲಿ ಮಾತೆ ಮರಿಯಳ ಪಟ, ಅದರ ಮುಂದೆ ಎಣ್ಣೆಯ ತೂಗುದೀಪ. ಶಿಲುಬೆಯ ಗುರುತು ಮಾಡಿಕೊಂಡು ಪಟದ ಹಿಂದಿನಿಂದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ತೆಗೆದಳು. ಒಳಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆ. ಅದರಿಂದ ಒಂದೇ ಒಂದು ಎಳೆ ಬಿಡಿಸಿದಳು. ನಾನು ಕೊಟ್ಟ ಬಿಳಿ ಹತ್ತಿಯನ್ನು ಹಾಸಿ, ಆ ಎಳೆಯನ್ನು ನಡುವೆ ಮಲಗಿಸಿ, ಬಿಳಿ ಹತ್ತಿಯಿಂದ ಮುಚ್ಚಿ, ಎರಡು ಬೆರಳಲ್ಲಿ ನುಲಿದು ತಂತಿಯೊಳಗೆ ತೂರಿಸಿದಳು. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗದು. ತುಟಿಗಳು ಏನನ್ನೋ ಹೇಳಿಕೊಳ್ಳುತ್ತಲೇ ಇದ್ದವು.

ಆಗ ಆ ವಾಸನೆ ಎಲ್ಲಿಯದೆಂದು ಹೊಳೆಯಿತು. ತೂಗುದೀಪದ ಬತ್ತಿ ಕರಟಿ ಆರಿದಾಗ ಬರುವ ವಾಸನೆ ಅದು.

ಹಿಂದಿನ ದಿನ ಮಹಾ ಬುಧವಾರ. ಸಂಜೆ ಚರ್ಚಿನಲ್ಲಿ ಪಾದ್ರಿ ಎಣ್ಣೆಯನ್ನು ಮಂತ್ರಿಸುತ್ತಾನೆ, ರೋಗ ಕಳೆಯಲೆಂದು ಬಂದವರಿಗೆಲ್ಲ ಹಚ್ಚುತ್ತಾನೆ. ಬರಲಾಗದ ಕಾಯಿಲೆಯವರಿಗೆ ಹತ್ತಿಯಲ್ಲಿ ಅದ್ದಿ ಮನೆಗೆ ಕೊಟ್ಟು ಕಳಿಸುತ್ತಾರೆ. ನನ್ನಮ್ಮನೂ ತರುತ್ತಿದ್ದಳು. ವರ್ಷವಿಡೀ ಪಟದ ಹಿಂದೆ ಇಡುವುದು, ಜ್ವರ ಬಂದರೆ ಹಣೆಗೆ ಹಚ್ಚುವುದು. ಅದನ್ನು ಸೇದುವ ಯಂತ್ರದೊಳಗೆ ಹಾಕುವ ಯೋಚನೆ ಭೂಮಿಯ ಮೇಲೆ ಬೇರೆ ಯಾರಿಗೂ ಬಂದಿರಲಾರದು.

ನಾನು ಒಳಗೆ ನುಗ್ಗಿ ಯಂತ್ರವನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ಏನು ಮಾಡಿದ್ದೀಯ ಚಿಕ್ಕಮ್ಮ! ಏನಿದು?"

ಅವಳು ಹೆದರಲಿಲ್ಲ. ಮೊದಲು ಬಾಲ್ಕನಿಯ ಕಡೆ ನೋಡಿ, ಬಾಗಿಲು ಸರಿಯಾಗಿ ಮುಚ್ಚಿ, ತುಟಿಗೆ ಬೆರಳಿಟ್ಟಳು.

"ಮೆಲ್ಲಗೆ ಮಾತಾಡು. ಅವನಿಗೆ ಗೊತ್ತಾದ್ರೆ ಮನೆ ಎರಡಾಗ್ತದೆ."

"ಎಷ್ಟು ದಿನದಿಂದ ಹಾಕ್ತಿದ್ದೀಯ ಇದನ್ನ?"

"ಚಳಿಗಾಲದ ಕೊನೇಲಿ ಕೆಮ್ಮು ಸ್ವಲ್ಪ ಬಂತಲ್ಲ, ಅವಾಗಿಂದ. ಮುಂಚೆ ಹೋದ ವರ್ಷದ್ದು ಹಾಕ್ತಿದ್ದೆ. ನಿನ್ನೆ ಹೊಸದು ತಂದೆ. ಶಕ್ತಿ ಜಾಸ್ತಿ ಇರ್ತದೆ." ಅವಳು ನನ್ನ ಕೈ ಹಿಡಿದುಕೊಂಡಳು. "ಮದುವೆಯಾದಾಗಿಂದ ಒಂದು ಸಲಾನಾದ್ರೂ ಎಣ್ಣೆ ಹಚ್ಚೋಕೆ ಹಣೆ ಕೊಟ್ಟಿದ್ದಾನಾ ಇವನು? ಕರ್ನಲ್‌ಗಳ ಮಿಲಿಟರಿ ಆಡಳಿತದ ಕಾಲದಲ್ಲಿ ಇವನ ಅಣ್ಣನ್ನ ಪೊಲೀಸಿಗೆ ಹಿಡಿದುಕೊಟ್ಟಿದ್ದು ಊರ ಪಾದ್ರಿ. ಅವತ್ತಿಂದ ಇವನಿಗೆ ಎಣ್ಣೆ ಬೇಡ, ಮೇಣದಬತ್ತಿ ಬೇಡ, ಸಾಯೋವಾಗಲೂ ಬೇಡವಂತೆ. ಹಿಂದೊಂದ್ಸಲ ಹೊಟ್ಟೆ ಆಪರೇಷನ್ ಆದ ದಿನ ನಿದ್ದೇಲಿ ಹಚ್ಚೋಣ ಅಂತ ಹೋದ್ರೆ ಕಣ್ಣು ಬಿಟ್ಟು ಕೈ ತಳ್ಳಿದ. ಹೊರಗಿನಿಂದ ಬಿಡಲ್ಲ ಅಂದ್ರೆ ನಾನೇನು ಮಾಡ್ಲಿ? ಒಳಗಿನಿಂದ ಹೋಗ್ಲಿ ಅಂದ್ಕೊಂಡೆ. ಎಲ್ಲಿ ನೋವಿದೆಯೋ ಅಲ್ಲಿಗೇ ಹೋಗ್ತದಲ್ಲ."

ಅವಳ ಮುಖದಲ್ಲಿ ಕಳ್ಳತನವೇ ಇರಲಿಲ್ಲ. ಒಳ್ಳೆಯ ಉಪಾಯ ಹುಡುಕಿದ ಹೆಂಗಸಿನ ಮುಖ ಅದು. ಆದರೂ ಹೇಳಲೇಬೇಕಾಗಿತ್ತು. ನನ್ನ ಅಂಗಡಿಯಲ್ಲಿ ಮೊದಲ ದಿನವೇ ಕಲಿಯುವ ಪಾಠ ಅದು, ರಸದಲ್ಲಿ ಎಣ್ಣೆ ಇರಕೂಡದು.

"ಚಿಕ್ಕಮ್ಮ, ಕೇಳು. ಎಣ್ಣೆ ಹೊಟ್ಟೆಗೆ ಹೋದ್ರೆ ಕರಗ್ತದೆ. ಎದೆಗೆ ಹೋದ್ರೆ ಕರಗಲ್ಲ, ಅಲ್ಲೇ ಕೂರ್ತದೆ. ಯಾವ ಎಣ್ಣೆಯಾದ್ರೂ ಅಷ್ಟೇ. ಸೀದ ರುಚಿ ಬರ್ತಿದ್ದಿದ್ದು ಅದರಿಂದಾನೇ."

ಅವಳು ಪೊಟ್ಟಣವನ್ನು ನನ್ನ ಮುಂದೆ ಹಿಡಿದಳು.

"ಇದು ಮಂತ್ರಿಸಿದ ಎಣ್ಣೆ ಮಗಳೇ."

"ಗೊತ್ತು."

"ಹಾಗಾದ್ರೆ ಅವನ ಕೆಮ್ಮು ಜಾಸ್ತಿಯಾಗಿದ್ದು?"

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಳು, ಕೆಂಪು ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಲೆಯ ಮೇಲೆ ಮೊಟ್ಟೆಯ ನೀರು ಕುದಿದು ಉಕ್ಕುತ್ತಿತ್ತು. ಅವಳು ಏಳಲಿಲ್ಲ, ನಾನೇ ಆರಿಸಿದೆ.

"ಅವನಿಗೆ ಹೇಳಬೇಡ," ಎಂದಳು ಕೊನೆಗೆ. "ಹತ್ತಿ ಕೆಟ್ಟದಿತ್ತು ಅಂತ ಹೇಳು. ನಿನ್ನ ಕಾಲು ಹಿಡೀತೀನಿ."

"ಅವನಿಗೆ ಹೇಳದೆ ಇರಬಹುದು. ಡಾಕ್ಟರಿಗೆ ಹೇಳದೆ ಇರಕ್ಕೆ ಆಗಲ್ಲ. ಈಗಲೇ ಹೋಗಬೇಕು. ಎದೇಲಿ ಏನು ಸೇರಿದೆ ಅಂತ ಗೊತ್ತಿಲ್ಲದೆ ಅವರು ಏನು ಔಷಧಿ ಕೊಡ್ತಾರೆ?"

ಅವಳು ತಲೆವಸ್ತ್ರ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟಳು. ಕೋಟು ಹಾಕಿಕೊಂಡಳು. ಟ್ಯಾಕ್ಸಿ ಕರೆದೆ. ಚಿಕ್ಕಪ್ಪನಿಗೆ, "ಕೆಮ್ಮು ತೋರಿಸೋಣ, ನಡಿ," ಎಂದಷ್ಟೇ ಹೇಳಿದೆವು. ಅವನು ಗೊಣಗಿದ, ಬಂದ.

ಆಸ್ಪತ್ರೆಯಲ್ಲಿ ಎದೆಯ ಡಾಕ್ಟರು ಹೊಸಬರು, ಮೆತ್ತಗೆ ಮಾತಾಡುವ ಹೆಂಗಸು. ಹೊಸ ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು. "ಇತ್ತೀಚೆಗೆ ಬೇರೆ ಏನಾದ್ರೂ ಉಸಿರಲ್ಲಿ ಒಳಗೆ ಹೋಗಿದೆಯಾ? ಧೂಳು, ಬಣ್ಣ, ಸ್ಪ್ರೇ?" ಎಂದು ಕೇಳಿದರು. ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿದ. ಅವನನ್ನು ಹೊರಗೆ ಕೂರಿಸಿ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಎದ್ದು ನಿಂತಳು.

"ನಾನು ಹಾಕ್ದೆ ಡಾಕ್ಟರಮ್ಮ. ಎಣ್ಣೆ. ಮಹಾ ಬುಧವಾರದ ಎಣ್ಣೆ. ಇವನ ಯಂತ್ರದ ಹತ್ತೀಲಿ ಇಟ್ಟು ಕೊಡ್ತಿದ್ದೆ. ಇವನಿಗೆ ಗೊತ್ತಿಲ್ಲ."

ಡಾಕ್ಟರು ಬೈಯಲಿಲ್ಲ. ಎಣ್ಣೆ ಎದೆಗೆ ಹೋಗಬಾರದು, ಇನ್ನು ಮೇಲೆ ನಿಲ್ಲಿಸಿದರೆ, ಔಷಧಿ ತಪ್ಪದೆ ತೆಗೆದುಕೊಂಡರೆ, ನಿಧಾನವಾಗಿ ಸ್ವಲ್ಪ ಮಟ್ಟಿಗೆ ಸುಧಾರಿಸಬಹುದು ಎಂದರು. ಪೂರ್ತಿ ಎಂದು ಹೇಳಲಿಲ್ಲ. ಇಂಥ ಸ್ಥಿತಿಯಲ್ಲಿ ಒಂದು ಸಿಗರೇಟೂ ಬೇಡ, ಸಾಧ್ಯವಾದರೆ ಹಬೆಯ ಯಂತ್ರವನ್ನೂ ಮೆಲ್ಲಮೆಲ್ಲನೆ ಬಿಟ್ಟುಬಿಡಿ ಎಂದರು. ಚಿಕ್ಕಪ್ಪ ಅವರ ಮಾತು ಕೇಳುತ್ತಿದ್ದನೋ ಇಲ್ಲವೋ, ಹೆಂಡತಿಯನ್ನೇ ನೋಡುತ್ತಿದ್ದ. ಬಯ್ಯುತ್ತಾನೆ, ಕೂಗಾಡುತ್ತಾನೆ ಎಂದು ನಾನು ಕಾದೆ. ಅವನು ಎದ್ದು ಟೊಪ್ಪಿ ಸರಿಮಾಡಿಕೊಂಡು ಬಾಗಿಲ ಕಡೆ ನಡೆದ. ಟ್ಯಾಕ್ಸಿಯಲ್ಲಿ ಮೂವರೂ ಕಿಟಕಿಯ ಹೊರಗೆ ನೋಡುತ್ತ ಮನೆಗೆ ಬಂದೆವು.

ಅವರನ್ನು ಬಿಟ್ಟು ಇಳಿದು ಬರುವಾಗ ನನಗೆ ಅಳು ಬಂತು. ಬೀದಿಯಲ್ಲಿ ಅಳುವ ಹೆಂಗಸರನ್ನು ಕಂಡರೆ ನನಗಾಗದು, ಆದರೂ ಅತ್ತೆ.

ಮರುದಿನ ಮಹಾ ಶುಕ್ರವಾರ, ಕ್ರಿಸ್ತ ಶಿಲುಬೆಯ ಮೇಲೆ ಸತ್ತ ದಿನ. ಬೆಳಗಿನಿಂದ ಚರ್ಚುಗಳ ಗಂಟೆ ಒಂದೊಂದೇ ಬಡಿತವಾಗಿ, ಯಾರೋ ಸತ್ತಾಗಿನಂತೆ ಮೊಳಗುತ್ತಿತ್ತು. ಅಂಗಡಿ ತೆರೆಯುವ ದಿನವಲ್ಲ. ಒಳಗಿನಿಂದ ಸಿದ್ಧ ಸುರುಳಿಯ ಪುಟ್ಟ ಯಂತ್ರವೊಂದನ್ನು ತೆಗೆದುಕೊಂಡೆ. ಅದಕ್ಕೆ ಹತ್ತಿ ಹಾಕುವ ಗೋಜಿಲ್ಲ, ಯಾರೂ ಒಳಗೆ ಕೈಹಾಕಲಾಗದು. ಗುಡ್ಡ ಹತ್ತುವಾಗ ಓಣಿಯ ಹೆಂಗಸರು ಹೂವಿನ ತಟ್ಟೆ ಹಿಡಿದು ಇಳಿಯುತ್ತಿದ್ದರು, ಚರ್ಚಿನಲ್ಲಿಡುವ ಕ್ರಿಸ್ತನ ಚಟ್ಟವನ್ನು ಅಲಂಕರಿಸಲು. ಪ್ರತಿವರ್ಷ ಅವರ ಮುಂದೆ ನಡೆಯುವವಳು ದೊಮ್ನಾ ಚಿಕ್ಕಮ್ಮ. ಈ ಸಲ ಅವಳಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಚಿಕ್ಕಮ್ಮ ಅಡುಗೆಮನೆಯ ಮೇಜಿನ ಮುಂದೆ ಏನೂ ಮಾಡದೆ ಕೂತಿದ್ದಳು. ಅವಳು ಏನೂ ಮಾಡದೆ ಕೂತಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಮೂಲೆಯ ತೂಗುದೀಪ ಆರಿತ್ತು. ಚಿಕ್ಕಪ್ಪ ನನ್ನನ್ನು ಬಾಲ್ಕನಿಗೆ ಕರೆದ.

"ಈಗ ತಂದ್ಯಾ? ಕೊಡಿಲ್ಲಿ," ಎಂದು ಯಂತ್ರ ತೆಗೆದುಕೊಂಡು ಒಂದು ಸಲ ಎಳೆದ. ಹಬೆ ಬಿಟ್ಟ. "ಚೆನ್ನಾಗಿದೆ. ಸೀದಿಲ್ಲ."

ಕೇಳಿ ನನಗೆ ಸಂತೋಷವಾಗಬೇಕಿತ್ತು. ಅವನ ಮುಖ ನೋಡಿದರೆ ಆಗಲಿಲ್ಲ. ಅವನ ಕಾಲ ಬಳಿ ಸಿಗರೇಟು ಪ್ಯಾಕು ಬಿದ್ದಿತ್ತು, ಬಿಚ್ಚಿತ್ತು.

"ಸೇದಿದ್ಯಾ?"

"ಇಲ್ಲ. ಕೇಳು." ಅವನು ಉಸಿರಿಗಾಗಿ ನಿಂತ. "ನಿನ್ನೆ ಮನೆಗೆ ಬಂದ ಮೇಲೆ ಸಿಟ್ಟು ನೆತ್ತಿಗೇರಿತ್ತು ನನಗೆ. ಅವಳ ಮುಂದೇನೇ ಪ್ಯಾಕು ಹರಿದೆ, ಒಂದು ತೆಗೆದು ಬಾಯಿಗಿಟ್ಟೆ. ಕಿತ್ಕೋತಾಳೆ, ಕಪಾಳಕ್ಕೆ ಬಾರಿಸ್ತಾಳೆ ಅಂದ್ಕೊಂಡೆ. ಎರಡು ವರ್ಷ ನನ್ನ ಅಂಗಿ ಮೂಸಿ ನೋಡಿದವಳು ಕಣೇ ಅವಳು. ನಿನ್ನೆ ಸುಮ್ಮನೆ ನೋಡಿದ್ಲು. ಎದ್ದು ಹೋಗಿ ಬೆಂಕಿಪೊಟ್ಟಣ ತಂದು ನನ್ನ ಪಕ್ಕದಲ್ಲಿ ಇಟ್ಲು. 'ನಿನಗೆ ಬೇಡ ಅನ್ನೋಕೆ ನಾನ್ಯಾರು,' ಅಂದ್ಲು."

ಅವನು ಕಂಬಳಿಯ ಅಂಚನ್ನು ಎಳೆದುಕೊಂಡ.

"ಡಾಕ್ಟರು ಹೇಳಿದ್ದಕ್ಕೆಲ್ಲ ನಾನು ಹೆದರಿಲ್ಲ ಎವಾಂಥಿಯಾ. ಅವಳ ಆ ಮಾತಿಗೆ ಹೆದರಿದೆ. ದೀಪ ಆರಿಸಿಬಿಟ್ಟಿದ್ದಾಳೆ. ಆ ಎಣ್ಣೆ ಪೊಟ್ಟಣಾನ ಬಿಸಾಡೋಕೂ ಆಗ್ದೆ ಇಟ್ಕೊಳ್ಳೋಕೂ ಆಗ್ದೆ ಏಪ್ರನ್ ಜೇಬಲ್ಲಿ ಹಾಕ್ಕೊಂಡು ಓಡಾಡ್ತಿದ್ದಾಳೆ. ನಾನು ಆ ದೇವರನ್ನ ನಂಬಿಲ್ಲ, ನಂಬೋದೂ ಇಲ್ಲ. ಆದ್ರೆ ಅವಳು ಅವನ ಜೊತೆ ಮಾತು ಬಿಟ್ರೆ ಈ ಮನೇಲಿ ಇನ್ನು ಯಾರ ಜೊತೆ ಮಾತಾಡ್ತಾಳೆ?"

ಕೆಳಗಿನ ಓಣಿಯಿಂದ ಯಾರೋ ಕೂಗಿದರು. "ದೊಮ್ನಾ! ಬರಲ್ವೇನೇ? ಎಲ್ಲರೂ ಹೊರಟ್ರು!"

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಕಾಲು ನೋವು. ನೀವು ಹೋಗಿ."

ಚಿಕ್ಕಪ್ಪ ಕುರ್ಚಿಯ ತೋಳು ಹಿಡಿದು ಎದ್ದ. ನಾನು ಕೈ ಕೊಡಲು ಹೋದರೆ ತಳ್ಳಿದ. ಅಡುಗೆಮನೆಗೆ ಹೋಗಿ ಹೆಂಡತಿಯ ಎದುರಿನ ಕುರ್ಚಿಯಲ್ಲಿ ಕೂತ, ಉಸಿರು ಸರಿಯಾಗುವವರೆಗೆ ಕಾದ. ನಾನು ಬಾಗಿಲಲ್ಲೇ ನಿಂತೆ.

"ಎಲ್ಲಿಟ್ಟೆ ಅದನ್ನ?" ಎಂದ.

"ಯಾವುದನ್ನ?"

"ಜೇಬಲ್ಲಿರೋದನ್ನ. ತೆಗಿ."

ಅವಳು ತೆಗೆದು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. ಚಿಕ್ಕಪ್ಪ ತಲೆಯ ಟೊಪ್ಪಿಯನ್ನು ತೆಗೆದು ಪಕ್ಕಕ್ಕಿಟ್ಟ. ಟೊಪ್ಪಿಯಿಲ್ಲದ ಅವನ ತಲೆಯನ್ನು ನಾನು ಅವತ್ತೇ ಮೊದಲು ನೋಡಿದ್ದು. ಹಣೆ ಬೆಳ್ಳಗೆ, ಮಗುವಿನದರಂತೆ ಇತ್ತು.

"ಹಚ್ಚು," ಎಂದ.

"ತಮಾಷೆ ಮಾಡಬೇಡ ಪರಾಸ್ಕೆವಾಸ್."

"ತಮಾಷೆ ಮಾಡುವಷ್ಟು ಉಸಿರು ಎಲ್ಲಿದೆ ನನಗೆ? ಹಚ್ಚು. ಹಚ್ಚಿ, ದೀಪ ಹೊತ್ತಿಸಿ, ಆ ಹೆಂಗಸರ ಹಿಂದೆ ಹೋಗು."

"ನಿನಗೆ ನಂಬಿಕೆ ಇಲ್ವಲ್ಲ."

"ಇಲ್ಲ."

"ಮತ್ತೆ ಯಾಕೆ?"

"ಎದೆ ಒಳಗೆ ಬೇಡ ಅಂತ ಡಾಕ್ಟರು ಹೇಳಿದ್ರು. ಹಣೆ ಬೇಡ ಅಂದ್ರಾ? ನೀನೇ ಕೇಳಿಸ್ಕೊಂಡಿದ್ದೀಯಲ್ಲ."

ಚಿಕ್ಕಮ್ಮ ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನನ್ನ ಕೈಯಿಂದ ಆಗಲ್ಲ. ಈ ಕೈಯಿಂದಾನೇ ನಿನಗೆ ಕೇಡು ಮಾಡಿದ್ದು. ನನ್ನ ಕೈ ಏಳಲ್ಲ."

ಚಿಕ್ಕಪ್ಪ ಮೇಜಿನಾಚೆ ಬಾಗಿ ಅವಳ ಬಲಗೈ ಹಿಡಿದ. ಪೊಟ್ಟಣ ಬಿಚ್ಚಿ ಅವಳ ಹೆಬ್ಬೆರಳನ್ನು ತಾನೇ ಆ ಹತ್ತಿಗೆ ಒತ್ತಿದ, ತಾನೇ ಎತ್ತಿ ತನ್ನ ಹಣೆಗೆ ತಂದುಕೊಂಡ. ಶಿಲುಬೆ ಬರೆದು ಅವನಿಗೆ ಎಷ್ಟು ವರ್ಷವಾಗಿತ್ತೋ. ಅಡ್ಡಗೆರೆ ಮೊದಲು ಎಳೆದ, ಉದ್ದಗೆರೆ ಆಮೇಲೆ ಎಳೆದ. ಎಣ್ಣೆ ಹುಬ್ಬಿನವರೆಗೆ ಇಳಿಯಿತು.

"ಆಯ್ತಾ?" ಎಂದ.

ಚಿಕ್ಕಮ್ಮ ಅವನ ಹಣೆಯನ್ನು ನೋಡಿದಳು. ಆಮೇಲೆ ಎದ್ದು ಕೈ ತೊಳೆದು ಬಂದಳು. ಮೇಜಿನ ಮೇಲೆ ಹಿಂದಿನ ದಿನದಿಂದ ಮಡಿಸಿಟ್ಟಿದ್ದ ತಲೆವಸ್ತ್ರವನ್ನು ಕಟ್ಟಿಕೊಂಡು ಅವನ ಮುಂದೆ ನಿಂತಳು.

"ಎಲ್ಲಿ ಆಯ್ತು? ಹಿಂದುಮುಂದು ಬರ್ಕೊಂಡಿದ್ದೀಯ, ಉದ್ದಗೆರೆ ಮೊದಲು. ಹಣೆ ಒಂದಕ್ಕೇ ಮುಗಿಯಲ್ಲ ಇದು. ಗದ್ದ, ಎರಡೂ ಕೆನ್ನೆ, ಆಮೇಲೆ ಕೈ, ಒಳಗೂ ಹೊರಗೂ. ಸುಮ್ಮನೆ ಕೂತ್ಕೋ, ಅಲ್ಲಾಡಬೇಡ."

"ಅಯ್ಯೋ," ಎಂದ ಚಿಕ್ಕಪ್ಪ. ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ಅವಳ ಮುಂದೆ ಮೇಜಿನ ಮೇಲಿಟ್ಟ.